‘ಹೀಗಾಗದೆ ಹಾಗಾಗಿದ್ದರೆ?’: ಕವಲೊಡೆಯುವ ಸೂಪರ್‌ಹೀರೋ ಕಾಮಿಕ್ಸ್ ಓದಲು ಹೊರಟವರಿಗೆ

ಮಲ್ಟಿವರ್ಸ್ ಸಿನಿಮಾ, ಅಂದರೆ ಒಬ್ಬನೇ ನಾಯಕ ಹಲವು ಲೋಕಗಳಲ್ಲಿ ಹಲವು ರೂಪದಲ್ಲಿ ಬರುವ ಸಿನಿಮಾ, ನೋಡಿ ಬಂದವರು ಪದೇ ಪದೇ ಕೇಳುತ್ತಾರೆ: ಈ ಕಥೆಗಳನ್ನು ಕಾಮಿಕ್ಸ್‌ನಲ್ಲೇ ಓದಬೇಕೆಂದರೆ ಎಲ್ಲಿಂದ ಶುರು ಮಾಡಬೇಕು? ಅದಕ್ಕೂ ಮುಂಚೆ ಅರವತ್ತು ವರ್ಷದ ಹಳೆಯ ಸಂಚಿಕೆಗಳನ್ನೆಲ್ಲ ಓದಿರಬೇಕೆ? ಇಷ್ಟೊಂದು ಬ್ಯಾಟ್‌ಮ್ಯಾನ್‌ಗಳಿರುವಾಗ ನಿಜವಾದ ಬ್ಯಾಟ್‌ಮ್ಯಾನ್ ಯಾರು?

ನಡುವಿನ ಪ್ರಶ್ನೆಗೆ ಇಲ್ಲೇ ಉತ್ತರ ಹೇಳಿಬಿಡುತ್ತೇನೆ: ಬೇಕಿಲ್ಲ. ಕವಲು ಕಥೆ ಓದುವವರಿಗೆ ಇಡೀ ಇತಿಹಾಸ ತಿಳಿದಿರಬೇಕಾಗಿಲ್ಲ. ಮೂಲ ಕಥೆ ಯಾವ ಜಾಗದಲ್ಲಿ ಹೊರಳಿತೋ ಆ ಒಂದು ಜಾಗ ಗೊತ್ತಿದ್ದರೆ ಸಾಕು. ಎಷ್ಟೋ ಸಲ ಅದು ಒಂದೇ ಒಂದು ಪುಟವಾಗಿರುತ್ತದೆ. ಆ ಪುಟವನ್ನು ಹುಡುಕುವುದು ಹೇಗೆ, ಆಮೇಲೆ ಯಾವ ಕಥೆಗಳನ್ನು ಯಾವ ಕ್ರಮದಲ್ಲಿ ಓದಬೇಕು, ಎಲ್ಲಿ ದುಡ್ಡು ದಂಡವಾಗುತ್ತದೆ ಎಂಬುದನ್ನು ಹಂತ ಹಂತವಾಗಿ ನೋಡೋಣ.

ಮೊದಲು ಬೇಕಾಗುವ ಸಾಮಗ್ರಿ

ಅಮೆರಿಕದ ಕಾಮಿಕ್ಸ್ ಮೊದಲು ಬಿಡಿ ಸಂಚಿಕೆಯಾಗಿ ಬರುತ್ತದೆ. ಇಂದಿನ ಸಂಚಿಕೆಯಲ್ಲಿ ಕಥೆಗೆ ಸಿಗುವುದು ಸುಮಾರು ಇಪ್ಪತ್ತು ಪುಟ. ಐದಾರು ಸಂಚಿಕೆಗಳನ್ನು ಒಟ್ಟುಗೂಡಿಸಿ ತೆಳು ರಟ್ಟು ಹಾಕಿದ ಪುಸ್ತಕಕ್ಕೆ ಟ್ರೇಡ್ ಪೇಪರ್‌ಬ್ಯಾಕ್ ಎನ್ನುತ್ತಾರೆ. ಹತ್ತಾರು ಸಂಚಿಕೆಗಳನ್ನು ತುಂಬಿದ ಗಟ್ಟಿ ರಟ್ಟಿನ ದಪ್ಪ ಪುಸ್ತಕ ಓಮ್ನಿಬಸ್. ಹೊಸಬರು ಓಮ್ನಿಬಸ್ ಕಡೆ ತಿರುಗಿಯೂ ನೋಡಬೇಡಿ. ಬೆಲೆ ಹೆಚ್ಚು, ಅಷ್ಟೂ ಕಥೆ ನಿಮಗೆ ಬೇಕಾಗಿರುವುದಿಲ್ಲ, ಮಲಗಿಕೊಂಡು ಓದಲಂತೂ ಆಗುವುದೇ ಇಲ್ಲ.

ಮಾರ್ವೆಲ್ ಕಥೆಗಳಿಗೆ ಆ ಕಂಪನಿಯದೇ ಚಂದಾ ಆ್ಯಪ್ ಇದೆ, ಹೆಸರು ಮಾರ್ವೆಲ್ ಅನ್‌ಲಿಮಿಟೆಡ್. ಒಂದು ತಿಂಗಳ ಚಂದಾದಲ್ಲಿ ಈ ಲೇಖನದ ಮಾರ್ವೆಲ್ ಪಾಲಿನ ಬಹುಭಾಗವನ್ನು ಮುಗಿಸಬಹುದು. ಇನ್ನೊಂದು ದೊಡ್ಡ ಕಂಪನಿಯಾದ ಡಿಸಿಯ ಕಥೆಗಳು ಟ್ರೇಡ್ ಪೇಪರ್‌ಬ್ಯಾಕ್ ರೂಪದಲ್ಲೂ ಕಿಂಡಲ್‌ನಲ್ಲೂ ಸಿಗುತ್ತವೆ. ಬೆಂಗಳೂರಿನಲ್ಲಿರುವವರು ಹೊಸ ಪ್ರತಿಗೆ ದುಡ್ಡು ಸುರಿಯುವ ಮುನ್ನ ಚರ್ಚ್ ಸ್ಟ್ರೀಟ್‌ನ ಹಳೆ ಪುಸ್ತಕದ ಅಂಗಡಿಗಳ ಕಾಮಿಕ್ಸ್ ಕಪಾಟನ್ನು ಒಮ್ಮೆ ಜಾಲಾಡಿ.

ಇವುಗಳ ಜೊತೆಗೆ ಒಂದು ನೋಟ್‌ಬುಕ್, ಪೆನ್ಸಿಲ್, ಕೊನೆಯ ಹಂತಕ್ಕೆ ಒಂದು ದಾಳ. ಲೂಡೋ ಪೆಟ್ಟಿಗೆಯಲ್ಲಿರುವ ದಾಳವೇ ಆದೀತು.

ಒಂದು ಮಾತು ಭಾಷೆಯ ಬಗ್ಗೆ. 1990ಕ್ಕಿಂತ ಹಿಂದಿನ ಇಂಗ್ಲಿಷ್ ಕಾಮಿಕ್ಸ್‌ನಲ್ಲಿ ಮಾತು ಬಹಳ. ಚಿತ್ರದಲ್ಲಿ ಕಾಣುವುದನ್ನೇ ಮೇಲೊಂದು ಪೆಟ್ಟಿಗೆಯಲ್ಲಿ ಬರೆದಿರುತ್ತಾರೆ, ಪಾತ್ರವೂ ಅದನ್ನೇ ಹೇಳುತ್ತಿರುತ್ತದೆ. ಬೇಸರ ಬಂದರೆ ನಿರೂಪಣೆಯ ಪೆಟ್ಟಿಗೆಗಳನ್ನು ಕಣ್ಣಾಡಿಸಿ ಬಿಟ್ಟು ಮಾತಿನ ಗುಳ್ಳೆಗಳನ್ನಷ್ಟೇ ಓದಿ. ಕಥೆ ಕೈತಪ್ಪುವುದಿಲ್ಲ.

ಹಂತ 1: ಕೈಯಲ್ಲಿರುವುದು ಯಾವ ಜಾತಿಯ ಕಥೆ ಎಂದು ಗುರುತಿಸಿ

‘ಪರ್ಯಾಯ’ ಎಂಬ ಒಂದೇ ಚೀಟಿಯ ಕೆಳಗೆ ನಾಲ್ಕು ಬೇರೆ ಬೇರೆ ಬಗೆಯ ಕಥೆಗಳು ಮಾರಾಟವಾಗುತ್ತವೆ. ಹೊಸಬರ ಗೊಂದಲದ ಮುಕ್ಕಾಲು ಪಾಲು ಹುಟ್ಟುವುದು ಇಲ್ಲೇ.

ಒಂದು, ಸಮಾನಾಂತರ ಭೂಮಿ. ಮೊದಲಿನಿಂದಲೂ ಪಕ್ಕದಲ್ಲೇ ಇದ್ದ ಇನ್ನೊಂದು ಲೋಕ. ಇದರ ಪ್ರಸಿದ್ಧ ಮಾದರಿ ಡಿಸಿಯ ‘ದಿ ಫ್ಲ್ಯಾಶ್’ 123ನೇ ಸಂಚಿಕೆ, ಸೆಪ್ಟೆಂಬರ್ 1961. ಬರೆದವರು ಗಾರ್ಡ್ನರ್ ಫಾಕ್ಸ್, ಚಿತ್ರ ಕಾರ್ಮೈನ್ ಇನ್ಫಾಂಟಿನೋ. ಅನಾಥ ಮಕ್ಕಳ ಮುಂದೆ ಹಗ್ಗದ ಜಾದೂ ತೋರಿಸುತ್ತಿದ್ದ ಫ್ಲ್ಯಾಶ್, ಅಂದರೆ ಬ್ಯಾರಿ ಆ್ಯಲನ್, ಅತಿವೇಗವಾಗಿ ಕಂಪಿಸಿ ಇನ್ನೊಂದು ಭೂಮಿಗೆ ಜಾರಿಬಿಡುತ್ತಾನೆ. ಅಲ್ಲಿ ಅವನಿಗೆ ಸಿಗುವವನು ತಾನು ಕಾಮಿಕ್ಸ್‌ನಲ್ಲಿ ಓದಿದ್ದ, ಬರೀ ಕಲ್ಪನೆ ಎಂದುಕೊಂಡಿದ್ದ 1940ರ ದಶಕದ ಫ್ಲ್ಯಾಶ್, ಜೇ ಗ್ಯಾರಿಕ್. ಇಲ್ಲಿ ಕವಲು ಎಂಬುದೇ ಇಲ್ಲ. ಎರಡು ಲೋಕಗಳ ಕಂಪನ ಬೇರೆ, ಅಷ್ಟೇ.

ಎರಡು, ನಿಜವಾದ ಕವಲು. ಗೊತ್ತಿರುವ ಒಂದು ಘಟನೆ ಬೇರೆ ರೀತಿ ನಡೆದಿದ್ದರೆ ಏನಾಗುತ್ತಿತ್ತು? ಮಾರ್ವೆಲ್‌ನ ‘ವಾಟ್ ಇಫ್?’ ಸರಣಿ 1977ರಿಂದ ಮಾಡಿಕೊಂಡು ಬಂದಿರುವುದು ಇದನ್ನೇ.

ಮೂರು, ಅಳಿಸಿ ಬರೆದ ಕಾಲರೇಖೆ. ಯಾರೋ ಹಿಂದಕ್ಕೆ ಹೋಗಿ ಏನನ್ನೋ ಬದಲಿಸುತ್ತಾರೆ, ನಾವು ಓದುತ್ತಿದ್ದ ಲೋಕವೇ ಮಾಯವಾಗಿ ಅದರ ಜಾಗದಲ್ಲಿ ಇನ್ನೊಂದು ಕೂರುತ್ತದೆ.

ನಾಲ್ಕು, ನೆಲ ಬದಲಿಸಿದ ಕಥೆ. ಅದೇ ನಾಯಕ, ಬೇರೆ ದೇಶ ಅಥವಾ ಬೇರೆ ಕಾಲ. 1989ರ ‘ಗೋಥಮ್ ಬೈ ಗ್ಯಾಸ್‌ಲೈಟ್’ನಲ್ಲಿ ಬ್ಯಾಟ್‌ಮ್ಯಾನ್ ಹತ್ತೊಂಬತ್ತನೇ ಶತಮಾನದಲ್ಲಿ ಜ್ಯಾಕ್ ದಿ ರಿಪ್ಪರ್‌ನ ಬೆನ್ನು ಹತ್ತುತ್ತಾನೆ. 2004ರ ‘ಸ್ಪೈಡರ್‌ಮ್ಯಾನ್: ಇಂಡಿಯಾ’ದಲ್ಲಿ ಪೀಟರ್ ಪಾರ್ಕರ್ ಮುಂಬೈಯ ಪವಿತ್ರ್ ಪ್ರಭಾಕರ್ ಆಗುತ್ತಾನೆ, ಅಂಕಲ್ ಬೆನ್ ಜಾಗದಲ್ಲಿ ಭೀಮ್ ಇರುತ್ತಾನೆ, ಜೇಡದ ಕಡಿತದ ಬದಲು ಯೋಗಿಯೊಬ್ಬ ಶಕ್ತಿ ಕೊಡುತ್ತಾನೆ. ಜೀವನ್ ಕಾಂಗ್ ಚಿತ್ರಿಸಿದ ಈ ನಾಲ್ಕು ಸಂಚಿಕೆಗಳಲ್ಲಿ ಧೋತಿಯುಟ್ಟ ಸ್ಪೈಡರ್‌ಮ್ಯಾನ್ ನೋಡಲು ಚೆಂದ. ಆದರೆ ಕವಲು ಹುಡುಕಿಕೊಂಡು ಹೋದವರಿಗೆ ಇಲ್ಲಿ ನಿರಾಸೆ ಖಚಿತ. ಪವಿತ್ರ್ ಬೇರೆ ದಾರಿ ಹಿಡಿದವನಲ್ಲ, ಪೀಟರ್ ತುಳಿದ ದಾರಿಯನ್ನೇ ಮುಂಬೈಯಲ್ಲಿ ತುಳಿದವನು.

ಎಚ್ಚರಿಕೆ: ಪುಸ್ತಕದ ಹಿಂಬದಿಯ ಬರಹವನ್ನು ನಂಬಿ ಜಾತಿ ನಿರ್ಧರಿಸಬೇಡಿ. ಮಾರುವವರಿಗೆ ಎಲ್ಲವೂ ‘ನೀವೆಂದೂ ಕಾಣದ ಲೋಕ’ವೇ. ಮೊದಲ ಹತ್ತು ಪುಟ ಓದಿ, ‘ಮೂಲ ಕಥೆಯ ಯಾವ ಘಟನೆ ಇಲ್ಲಿ ತಪ್ಪಿಹೋಗಿದೆ?’ ಎಂದು ಕೇಳಿಕೊಳ್ಳಿ. ಉತ್ತರ ಒಂದೇ ವಾಕ್ಯದಲ್ಲಿ ಹೊಳೆದರೆ ಅದು ಎರಡನೆಯ ಅಥವಾ ಮೂರನೆಯ ಬಗೆ.

ಹಂತ 2: ಕವಲೊಡೆದ ಪುಟವನ್ನು ಮೊದಲು ಓದಿ

ಇಡೀ ಕೆಲಸದಲ್ಲಿ ಮುಖ್ಯವಾದದ್ದು ಇದು. ಹಾಗಾಗಿ ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ.

‘ಅಮೇಝಿಂಗ್ ಸ್ಪೈಡರ್‌ಮ್ಯಾನ್’ 121ನೇ ಸಂಚಿಕೆ, ಜೂನ್ 1973. ಕಥೆ ಜೆರ್ರಿ ಕಾನ್ವೇ, ಚಿತ್ರ ಗಿಲ್ ಕೇನ್. ಖಳನಾಯಕ ಗ್ರೀನ್ ಗಾಬ್ಲಿನ್ ಪೀಟರ್‌ನ ಪ್ರೇಯಸಿ ಗ್ವೆನ್ ಸ್ಟೇಸಿಯನ್ನು ಸೇತುವೆಯ ಮೇಲಿಂದ ಕೆಡವುತ್ತಾನೆ. ಸ್ಪೈಡರ್‌ಮ್ಯಾನ್ ಮೇಲಿನಿಂದ ಬಲೆಯ ಎಳೆ ಬಿಟ್ಟು ಅವಳ ಕಾಲನ್ನು ಹಿಡಿಯುತ್ತಾನೆ. ಹಿಡಿದೆನೆಂದು ಬೀಗುತ್ತಾನೆ. ಆ ಚೌಕದಲ್ಲಿ ಗ್ವೆನ್‌ಳ ಕುತ್ತಿಗೆಯ ಪಕ್ಕ ಪುಟ್ಟ ಅಕ್ಷರದಲ್ಲಿ ‘ಸ್ನ್ಯಾಪ್’ ಎಂಬ ಸದ್ದು ಬರೆದಿದೆ. ಬೇಗ ಓದಿದರೆ ಕಣ್ಣಿಗೆ ಬೀಳುವುದೇ ಇಲ್ಲ. ಅವಳು ಸತ್ತಿದ್ದು ಬಿದ್ದದ್ದರಿಂದಲೋ ಬಲೆಯ ಜಗ್ಗಿನಿಂದಲೋ ಎಂಬ ಪ್ರಶ್ನೆಯನ್ನು ಆ ಒಂದು ಸದ್ದು ಎತ್ತಿಬಿಟ್ಟಿತು. ಕವಲು ಎಂದರೆ ಇದು.

ಈಗ ‘ವಾಟ್ ಇಫ್?’ 24ನೇ ಸಂಚಿಕೆ ತೆರೆಯಿರಿ, ಡಿಸೆಂಬರ್ 1980. ಅಲ್ಲಿ ಸ್ಪೈಡರ್‌ಮ್ಯಾನ್ ಬಲೆ ಬಿಡುವುದಿಲ್ಲ, ತಾನೇ ಹಾರುತ್ತಾನೆ. ಗ್ವೆನ್ ಬದುಕುತ್ತಾಳೆ. ಅವನ ನಿಜಸ್ವರೂಪ ಅವಳಿಗೆ ತಿಳಿಯುತ್ತದೆ, ಮದುವೆಯೂ ಆಗುತ್ತದೆ. ಆದರೆ ಸ್ಪೈಡರ್‌ಮ್ಯಾನ್ ಯಾರೆಂಬ ಗುಟ್ಟು ಅಷ್ಟರಲ್ಲಿ ಪತ್ರಿಕಾ ಸಂಪಾದಕ ಜೆ. ಜೋನಾ ಜೇಮ್ಸನ್‌ನ ಕೈ ಸೇರಿರುತ್ತದೆ. ಮದುವೆಯ ದಿನವೇ ಅವನು ವಾರಂಟಿನೊಡನೆ ಬಂದು ನಿಲ್ಲುತ್ತಾನೆ, ಮದುಮಗ ಓಡಿಹೋಗಬೇಕಾಗುತ್ತದೆ. ಬದಲಾದದ್ದು ಬಲೆಯೋ ಜಿಗಿತವೋ ಎಂಬ ಒಂದೇ ಕ್ಷಣದ ನಿರ್ಧಾರ. ಅದರ ಬೆಲೆಯನ್ನು ಲೇಖಕ ಕೊನೆಯವರೆಗೂ ವಸೂಲಿ ಮಾಡುತ್ತಾನೆ.

ಮೂಲವನ್ನು ಓದದೆ 24ನೇ ಸಂಚಿಕೆಯನ್ನೇ ನೇರ ಓದಿದವರಿಗೆ ಇದು ಮಾಮೂಲಿ ಸಾಹಸಕಥೆ. ಮೂಲದ ಆ ‘ಸ್ನ್ಯಾಪ್’ ನೋಡಿ ಬಂದವರಿಗೆ, ಅವನು ಸೇತುವೆಯಿಂದ ಹಾರುವ ಚೌಕದಲ್ಲೇ ಎದೆ ಹಿಡಿದಂತಾಗುತ್ತದೆ. ಎರಡು ಸಂಚಿಕೆ ಸಾಕಾಯಿತು. ನಡುವಿನ ಏಳು ವರ್ಷದ ಸ್ಪೈಡರ್‌ಮ್ಯಾನ್ ಬೇಕಾಗಲಿಲ್ಲ.

ಇದೇ ರೀತಿ ಅಭ್ಯಾಸಕ್ಕೆ ಇನ್ನೊಂದು ಜೋಡಿ: ‘ಅಮೇಝಿಂಗ್ ಸ್ಪೈಡರ್‌ಮ್ಯಾನ್’ 1ನೇ ಸಂಚಿಕೆಯಲ್ಲಿ (1963) ಸ್ಪೈಡರ್‌ಮ್ಯಾನ್ ಸಂಬಳದ ಆಸೆಗೆ ಫೆಂಟಾಸ್ಟಿಕ್ ಫೋರ್ ತಂಡದ ಬಾಗಿಲು ಬಡಿದು, ಸಂಬಳ ಇಲ್ಲವೆಂದು ತಿಳಿದು ಹೊರಟುಹೋಗುವ ಪುಟಗಳು, ಆಮೇಲೆ ‘ವಾಟ್ ಇಫ್?’ 1ನೇ ಸಂಚಿಕೆ, ಫೆಬ್ರವರಿ 1977. ಅವನು ತಂಡದಲ್ಲೇ ಉಳಿದರೆ ಒಳ್ಳೆಯದಾಗುತ್ತದೆ ಎಂದು ನೀವು ಊಹಿಸುತ್ತೀರಿ. ಐದನೆಯವನು ಬಂದ ಮೇಲೆ ತಂಡದಲ್ಲಿ ಮೂಲೆಗುಂಪಾಗುವವಳು ಅದರ ಸದಸ್ಯೆ ಸ್ಯೂ. ಕೊನೆಗೆ ಅವಳು ಸಮುದ್ರದ ದೊರೆ ನೇಮೋರ್ ಜೊತೆ ಉಳಿದುಬಿಡುತ್ತಾಳೆ.

ಕವಲೊಡೆದ ಪುಟ ಯಾವುದೆಂದು ಹುಡುಕಲು ಕಷ್ಟಪಡಬೇಕಿಲ್ಲ. ‘ವಾಟ್ ಇಫ್?’ ಸಂಚಿಕೆಗಳಲ್ಲಿ ವಾಚರ್ ಎಂಬ ದೊಡ್ಡ ತಲೆಯ ನಿರೂಪಕ ಶುರುವಿನಲ್ಲೇ ಮೂಲ ಕಥೆಯನ್ನು ಸಂಕ್ಷೇಪವಾಗಿ ಹೇಳುತ್ತಾನೆ. ಆದರೂ ಅವನ ಸಂಕ್ಷೇಪದಿಂದಷ್ಟೇ ತೃಪ್ತರಾಗಬೇಡಿ. ಘಟನೆ ಏನೆಂದು ಅವನು ಹೇಳುತ್ತಾನೆ, ಅದರ ಭಾರ ಮೂಲದಲ್ಲೇ ಇರುತ್ತದೆ.

ಹಂತ 3: ಎರಡೇ ಸಂಚಿಕೆಯ ದೊಡ್ಡ ಕಥೆಯಿಂದ ಆರಂಭಿಸಿ

ಮೊದಲ ಉದ್ದದ ಓದಿಗೆ ‘ಡೇಸ್ ಆಫ್ ಫ್ಯೂಚರ್ ಪಾಸ್ಟ್’. ‘ಎಕ್ಸ್-ಮೆನ್’ 141 ಮತ್ತು 142ನೇ ಸಂಚಿಕೆಗಳು, 1981. ಕ್ರಿಸ್ ಕ್ಲೇರ್‌ಮಾಂಟ್ ಮತ್ತು ಜಾನ್ ಬರ್ನ್ ಜೋಡಿಯ ಕೆಲಸ. 141ರ ಮುಖಪುಟವನ್ನು ನಿಂತು ನೋಡಿ: ಗೋಡೆಗೆ ಅಂಟಿಸಿದ ಭಿತ್ತಿಪತ್ರದಲ್ಲಿ ಎಕ್ಸ್-ಮೆನ್ ತಂಡದವರ ಮುಖಗಳು, ಒಂದೊಂದರ ಮೇಲೂ ‘ಹತ’, ‘ಬಂಧಿತ’ ಎಂಬ ಮುದ್ರೆ, ಅದರ ಮುಂದೆ ಬೆಳಕಿಗೆ ಸಿಕ್ಕಿಬಿದ್ದ, ಅದೇ ತಂಡದ ನರೆಗೂದಲಿನ ವುಲ್ವರೀನ್. ಒಳಗೆ ಹೋಗುವ ಮೊದಲೇ ಸೋಲು ಗೊತ್ತಾಗುತ್ತದೆ.

ಕಥೆಯ ಭವಿಷ್ಯ 2013. ಸೆಂಟಿನೆಲ್ ಎಂಬ ಯಂತ್ರದೈತ್ಯಗಳು ಮ್ಯುಟೆಂಟ್‌ಗಳನ್ನು, ಅಂದರೆ ಹುಟ್ಟಿನಿಂದಲೇ ವಿಶೇಷ ಶಕ್ತಿ ಪಡೆದವರನ್ನು, ಬೇಟೆಯಾಡಿ ಮುಗಿಸಿವೆ. ಉಳಿದವರಲ್ಲಿ ಒಬ್ಬಳಾದ ಕೇಟ್ ಪ್ರೈಡ್‌ಳ ಮನಸ್ಸನ್ನು 1980ರ ಅವಳದೇ ಎಳೆಯ ದೇಹಕ್ಕೆ ಕಳಿಸುತ್ತಾರೆ. ಸೆನೆಟರ್ ರಾಬರ್ಟ್ ಕೆಲ್ಲಿಯ ಕೊಲೆ ತಪ್ಪಿಸಬೇಕು, ಆ ಕೊಲೆಯಿಂದಲೇ ಎಲ್ಲವೂ ಶುರುವಾದದ್ದು. ಕೊಲೆಯೇನೋ ತಪ್ಪುತ್ತದೆ. ಅದರಿಂದ ಭವಿಷ್ಯ ಬದಲಾಯಿತೇ? ಕೊನೆಯ ಪುಟದಲ್ಲಿ ಬದುಕುಳಿದ ಅದೇ ಕೆಲ್ಲಿ ಕೂತು ಮಾತನಾಡುತ್ತಿರುವುದು ಯಾರ ಜೊತೆ, ಯಾವ ವಿಷಯ ಎಂಬುದನ್ನು ಗಮನಿಸಿ ಓದಿ.

2014ರ ಸಿನಿಮಾ ನೋಡಿದವರಿಗೊಂದು ಸೂಚನೆ: ಸಿನಿಮಾದಲ್ಲಿ ಹಿಂದಕ್ಕೆ ಹೋಗುವವನು ವುಲ್ವರೀನ್. ಕಾಮಿಕ್ಸ್‌ನಲ್ಲಿ ಅದು ಹದಿಮೂರರ ಹುಡುಗಿಯ ದೇಹದಲ್ಲಿ ಕುಳಿತ ನಡುವಯಸ್ಸಿನ ಹೆಂಗಸು. ಕಥೆಯ ನೋವೇ ಅದರಲ್ಲಿದೆ. ಸಿನಿಮಾವನ್ನು ಮನಸ್ಸಿನಿಂದ ಸ್ವಲ್ಪ ಪಕ್ಕಕ್ಕಿಟ್ಟು ಕುಳಿತುಕೊಳ್ಳಿ.

ಹಂತ 4: ಅಳಿಸಿ ಬರೆದ ಲೋಕಕ್ಕೆ ಕಾಲಿಡಿ, ಜೇಬು ಭದ್ರವಾಗಿರಲಿ

ಇಲ್ಲಿಗೆ ‘ಫ್ಲ್ಯಾಶ್‌ಪಾಯಿಂಟ್’, 2011, ಐದು ಸಂಚಿಕೆ. ಬರವಣಿಗೆ ಜೆಫ್ ಜಾನ್ಸ್, ಚಿತ್ರ ಆಂಡಿ ಕ್ಯೂಬರ್ಟ್. ಎಚ್ಚರಗೊಂಡ ಬ್ಯಾರಿ ಆ್ಯಲನ್‌ಗೆ ಓಡುವ ಶಕ್ತಿಯಿಲ್ಲ. ಚಿಕ್ಕಂದಿನಲ್ಲೇ ಕೊಲೆಯಾಗಿದ್ದ ಅಮ್ಮ ಎದುರಿಗೆ ನಿಂತಿದ್ದಾಳೆ. ಆಚೆ ಅಟ್ಲಾಂಟಿಸ್‌ಗೂ ಅಮೆಝಾನ್‌ಗಳಿಗೂ ಯುದ್ಧ ನಡೆದು ಯುರೋಪ್ ಹಾಳಾಗಿದೆ. ಮೂಲದಲ್ಲಿ ಅಪ್ಪ ಅಮ್ಮ ಸಾಯುವ ಗಲ್ಲಿಯಲ್ಲಿ ಇಲ್ಲಿ ಗುಂಡು ತಗುಲಿ ಸತ್ತವನು ಬಾಲಕ ಬ್ರೂಸ್ ವೇಯ್ನ್, ಆದ್ದರಿಂದ ಬ್ಯಾಟ್‌ಮ್ಯಾನ್ ಆಗಿರುವವನು ಅವನ ಅಪ್ಪ ಥಾಮಸ್. ಬಂದೂಕು ಹಿಡಿಯುವ ಬ್ಯಾಟ್‌ಮ್ಯಾನ್.

ಶಕ್ತಿ ಮರಳಿ ಪಡೆಯಲು ಬ್ಯಾರಿ ಸಿಡಿಲಿಗೆ ಮೈಯೊಡ್ಡುತ್ತಾನೆ. ಮೊದಲ ಸಲ ಸುಟ್ಟು ಕರಕಲಾಗಿ ಬ್ಯಾಂಡೇಜು ಸುತ್ತಿಸಿಕೊಳ್ಳುತ್ತಾನೆ, ಆದರೂ ಇನ್ನೊಮ್ಮೆ ಎನ್ನುತ್ತಾನೆ. ಇದನ್ನು ಮೈನವಿರೇಳಿಸಲು ಹಾಕಿದ ದೃಶ್ಯ ಎಂದುಕೊಂಡು ದಾಟಿಹೋಗಬೇಡಿ. ಲೋಕವನ್ನು ಈ ಸ್ಥಿತಿಗೆ ತಂದವರು ಯಾರೆಂಬುದು ಐದನೇ ಸಂಚಿಕೆಯಲ್ಲಿ ತಿಳಿದ ಮೇಲೆ ಹಿಂದಕ್ಕೆ ಬಂದು ಈ ಪುಟಗಳನ್ನು ಮತ್ತೆ ನೋಡಿ. ಕೊನೆಗೊಂದು ಪತ್ರ ಬರುತ್ತದೆ, ಅಪ್ಪನಿಂದ ಮಗನಿಗೆ, ಆ ಲೋಕದಿಂದ ಈ ಲೋಕಕ್ಕೆ. ನನ್ನ ಮಟ್ಟಿಗೆ ಇಡೀ ‘ಫ್ಲ್ಯಾಶ್‌ಪಾಯಿಂಟ್’ ಇರುವುದೇ ಆ ಪತ್ರಕ್ಕಾಗಿ. ಯುದ್ಧ, ಅಟ್ಲಾಂಟಿಸ್ ಎಲ್ಲ ಗದ್ದಲ.

ದೊಡ್ಡ ಬಲೆ ಇರುವುದು ಇಲ್ಲೇ. ಇಂಥ ದೊಡ್ಡ ಕಥೆಗಳಿಗೆ ಈವೆಂಟ್ ಎನ್ನುತ್ತಾರೆ, ಅವುಗಳ ಸುತ್ತ ಟೈ-ಇನ್ ಎಂಬ ಉಪಕಥೆಗಳ ಹಿಂಡೇ ಬರುತ್ತದೆ. ‘ಇದನ್ನು ಓದದಿದ್ದರೆ ಅರ್ಥವಾಗುವುದಿಲ್ಲ’ ಎಂದು ಜಾಹೀರಾತು ಹೆದರಿಸುತ್ತದೆ. ಹೆದರಬೇಡಿ. ಮುಖ್ಯ ಐದು ಸಂಚಿಕೆಗಳಲ್ಲೇ ಕಥೆ ಪೂರ್ಣ. ಒಂದೇ ಒಂದು ಟೈ-ಇನ್‌ಗೆ ವಿನಾಯಿತಿ: ಬ್ರಯಾನ್ ಅಝರೆಲೊ ಮತ್ತು ಎಡ್ವಾರ್ಡೊ ರಿಸ್ಸೊ ಅವರ ‘ಬ್ಯಾಟ್‌ಮ್ಯಾನ್: ನೈಟ್ ಆಫ್ ವೆಂಜೆನ್ಸ್’, ಮೂರು ಸಂಚಿಕೆ. ಮಗ ಸತ್ತ ಮೇಲೆ ಅಪ್ಪ ಬ್ಯಾಟ್‌ಮ್ಯಾನ್ ಆದ, ಸರಿ, ಅಮ್ಮ ಏನಾದಳು? ಉತ್ತರ ಹೇಳುವುದಿಲ್ಲ. ಮಕ್ಕಳ ಕೈಗೆ ಮಾತ್ರ ಕೊಡಬೇಡಿ.

ಈ ಹಂತದಲ್ಲಿ ಎರಡು ಪದಗಳು ಎದುರಾಗುತ್ತವೆ. ಕ್ಯಾನನ್ ಎಂದರೆ ಕಂಪನಿ ಸದ್ಯಕ್ಕೆ ‘ನಿಜವಾಗಿ ನಡೆದದ್ದು’ ಎಂದು ಒಪ್ಪುವ ಘಟನೆಗಳು. ರೆಟ್‌ಕಾನ್ ಎಂದರೆ ಹಿಂದೆ ಬರೆದದ್ದಕ್ಕೆ ಈಗ ಹಚ್ಚುವ ತೇಪೆ. ‘ಫ್ಲ್ಯಾಶ್‌ಪಾಯಿಂಟ್’ ಮುಗಿದದ್ದೇ ಡಿಸಿ ತನ್ನ ಸರಣಿಗಳನ್ನೆಲ್ಲ ನಿಲ್ಲಿಸಿ 2011ರ ಸೆಪ್ಟೆಂಬರ್‌ನಲ್ಲಿ 52 ಹೊಸ ಸರಣಿಗಳನ್ನು ಒಂದನೇ ಸಂಚಿಕೆಯಿಂದ ಶುರು ಮಾಡಿತು. ಕಾಲರೇಖೆ ಬದಲಾಗುವುದಕ್ಕೆ ಎಷ್ಟೋ ಸಲ ಕಾರಣ ಫ್ಲ್ಯಾಶ್‌ನ ಓಟವಲ್ಲ, ಮಾರಾಟದ ಲೆಕ್ಕ. ಇದು ಗೊತ್ತಿದ್ದರೆ ‘ನಿಜವಾದ ಬ್ಯಾಟ್‌ಮ್ಯಾನ್ ಯಾರು’ ಎಂಬ ಪ್ರಶ್ನೆ ತಾನಾಗಿಯೇ ಸಡಿಲಗೊಳ್ಳುತ್ತದೆ. ಈ ತಿಂಗಳು ಅಚ್ಚಾಗುತ್ತಿರುವವನು, ಅಷ್ಟೇ.

ಹಂತ 5: ಆಕಸ್ಮಿಕವೋ ಆಯ್ಕೆಯೋ ಎಂದು ಕೇಳಿಕೊಳ್ಳಿ

‘ಸೂಪರ್‌ಮ್ಯಾನ್: ರೆಡ್ ಸನ್’, 2003, ಮೂರು ಸಂಚಿಕೆ, ಬರೆದವರು ಮಾರ್ಕ್ ಮಿಲ್ಲರ್. ಮುಂದೆ ಸೂಪರ್‌ಮ್ಯಾನ್ ಆಗುವ ಮಗುವನ್ನು ಹೊತ್ತ ರಾಕೆಟ್ ಅಮೆರಿಕದ ಕ್ಯಾನ್ಸಾಸ್‌ನಲ್ಲಿ ಬೀಳದೆ ಸೋವಿಯತ್ ಉಕ್ರೇನಿನ ಸಾಮೂಹಿಕ ಕೃಷಿಕ್ಷೇತ್ರದಲ್ಲಿ ಬೀಳುತ್ತದೆ. ಎದೆಯ ಮೇಲೆ ಕುಡುಗೋಲು ಸುತ್ತಿಗೆ. ಎದುರಾಳಿಯಾಗಿ ತುಪ್ಪಳದ ಟೋಪಿ ಧರಿಸಿದ ಬ್ಯಾಟ್‌ಮ್ಯಾನ್. ಓದಿಸಿಕೊಂಡು ಹೋಗುವ ಪುಸ್ತಕ, ಹೊಸಬರಿಗೆ ಧೈರ್ಯವಾಗಿ ಕೊಡಬಹುದು, ಯಾವ ಪೂರ್ವಜ್ಞಾನವೂ ಬೇಡ.

ಹಾಗಿದ್ದರೂ ಒಂದು ತಕರಾರಿದೆ. ರಾಕೆಟ್ ಎಲ್ಲಿ ಬೀಳುತ್ತದೆ ಎಂಬುದು ಯಾರ ಆಯ್ಕೆಯೂ ಅಲ್ಲ. ಆಕಸ್ಮಿಕದಿಂದ ಹುಟ್ಟಿದ ಕವಲು ಬೆರಗು ಕೊಡುತ್ತದೆ, ಆಯ್ಕೆಯಿಂದ ಹುಟ್ಟಿದ ಕವಲು ಕಾಡುತ್ತದೆ. ‘ರೆಡ್ ಸನ್’ ಕಾಡುವುದು ರಾಕೆಟ್ಟಿನಿಂದಲ್ಲ. ಜನರ ಒಳಿತಿಗೆಂದು ಸೂಪರ್‌ಮ್ಯಾನ್ ಅವರ ಸ್ವಾತಂತ್ರ್ಯವನ್ನು ಸ್ವಲ್ಪ ಸ್ವಲ್ಪವೇ ಕಿತ್ತುಕೊಳ್ಳುತ್ತಾ ಹೋಗುತ್ತಾನಲ್ಲ, ಆ ಸಣ್ಣ ಸಣ್ಣ ನಿರ್ಧಾರಗಳಿಂದ. ಮೂರನೇ ಸಂಚಿಕೆಯಲ್ಲಿ ಅವನ ವೈರಿ ಲೆಕ್ಸ್ ಲೂಥರ್ ಒಂದೇ ವಾಕ್ಯದ ಚೀಟಿಯಿಂದ ಅವನನ್ನು ಹೇಗೆ ಮಣಿಸುತ್ತಾನೆ ನೋಡಿ. ಕಥೆಯ ನಿಜವಾದ ಕವಲು ಆ ಚೀಟಿಯ ಮುಂದಿದೆ.

ಉದ್ದದ ಓದು ಬೇಕೆನ್ನುವವರಿಗೆ 1995ರ ‘ಏಜ್ ಆಫ್ ಅಪೋಕ್ಯಾಲಿಪ್ಸ್’. ಎಕ್ಸ್-ಮೆನ್ ತಂಡ ಕಟ್ಟಿದ ಪ್ರೊಫೆಸರ್ ಎಕ್ಸ್‌ನ ಮಗ ಲೀಜನ್, ಅಪ್ಪನ ಒಳಿತಿಗೆಂದು ಅವನ ಗೆಳೆಯನೂ ಮುಂದೆ ವೈರಿಯೂ ಆಗುವ ಮ್ಯಾಗ್ನೆಟೋನನ್ನು ಕೊಲ್ಲಲು ಭೂತಕಾಲಕ್ಕೆ ಹೋಗಿ ಅಪ್ಪನನ್ನೇ ಕೊಂದುಬಿಡುತ್ತಾನೆ. ಮಾರ್ವೆಲ್ ಆಗ ಮಾಡಿದ ಸಾಹಸವೆಂದರೆ ನಾಲ್ಕು ತಿಂಗಳ ಕಾಲ ತನ್ನ ಎಕ್ಸ್-ಮೆನ್ ಸರಣಿಗಳನ್ನೆಲ್ಲ ನಿಲ್ಲಿಸಿ, ಬೇರೆ ಹೆಸರಿನಲ್ಲಿ ಆ ಕರಾಳ ಲೋಕದ ಕಥೆಯನ್ನೇ ಪ್ರಕಟಿಸಿದ್ದು. ಇಲ್ಲಿ ಮ್ಯಾಗ್ನೆಟೋ, ಸತ್ತ ಗೆಳೆಯನ ಕನಸನ್ನು ಹೊತ್ತು ಎಕ್ಸ್-ಮೆನ್ ಕಟ್ಟುತ್ತಾನೆ. ಪೂರ್ತಿ ಓದುವ ಹಠ ಬೇಡ. ‘ಲೀಜನ್ ಕ್ವೆಸ್ಟ್’ ಎಂಬ ಪೂರ್ವಕಥೆ, ‘ಎಕ್ಸ್-ಮೆನ್: ಆಲ್ಫಾ’, ನಾಲ್ಕು ಸಂಚಿಕೆಯ ‘ಅಸ್ಟಾನಿಶಿಂಗ್ ಎಕ್ಸ್-ಮೆನ್’, ಕೊನೆಗೆ ‘ಎಕ್ಸ್-ಮೆನ್: ಒಮೇಗಾ’. ಇಷ್ಟು ಓದಿದರೆ ಬೆನ್ನೆಲುಬು ಸಿಗುತ್ತದೆ.

‘ಕೊನೆಗೆ ಎಲ್ಲವೂ ಮೊದಲಿನಂತಾಗುವುದಾದರೆ ಓದಿ ಏನು ಪ್ರಯೋಜನ?’ ಎಂದು ಕೇಳುವವರಿದ್ದಾರೆ. ಎಲ್ಲವೂ ಮೊದಲಿನಂತಾಗುವುದಿಲ್ಲ. ಆ ಲೋಕ ಅಳಿದರೂ ಅಲ್ಲಿಂದ ನೇಟ್ ಗ್ರೇ, ಡಾರ್ಕ್ ಬೀಸ್ಟ್ ಮುಂತಾದವರು ಮುಖ್ಯ ಕಥೆಗೆ ದಾಟಿ ಬಂದು ವರ್ಷಗಟ್ಟಲೆ ಉಳಿದರು. ‘ವಾಟ್ ಇಫ್?’ನ ಎರಡನೇ ಸರಣಿಯ 105ನೇ ಸಂಚಿಕೆಯಲ್ಲಿ ಪೀಟರ್ ಪಾರ್ಕರ್‌ನ ಹದಿಹರೆಯದ ಮಗಳು ಮೇಡೇ ಒಂದೇ ಸಲ ಬಂದುಹೋಗಬೇಕಿತ್ತು. ಓದುಗರು ಬಿಡಲಿಲ್ಲ. 1998ರಲ್ಲೇ ಅವಳದೇ ‘ಸ್ಪೈಡರ್-ಗರ್ಲ್’ ಸರಣಿ ಶುರುವಾಗಿ ನೂರು ಸಂಚಿಕೆ ಓಡಿತು.

ಹಂತ 6: ಒಬ್ಬಳದೇ ಹತ್ತು ಬದುಕು

ಇಲ್ಲಿಯವರೆಗಿನದು ರೂಢಿಯಾದ ಮೇಲೆ ಮಾತ್ರ ‘ಹೌಸ್ ಆಫ್ ಎಕ್ಸ್’ ಮತ್ತು ‘ಪವರ್ಸ್ ಆಫ್ ಎಕ್ಸ್’ ಎಂಬ ಎಕ್ಸ್-ಮೆನ್ ಕಥೆಗಳನ್ನು ಕೈಗೆತ್ತಿಕೊಳ್ಳಿ. 2019, ಬರೆದವರು ಜೊನಾಥನ್ ಹಿಕ್‌ಮನ್, ಚಿತ್ರ ಪೆಪೆ ಲಾರಾಝ್ ಮತ್ತು ಆರ್. ಬಿ. ಸಿಲ್ವ. ತಲಾ ಆರು ಸಂಚಿಕೆ, ಒಂದರೊಳಗೊಂದು ಹೆಣೆದುಕೊಂಡಿವೆ. ಒಂದನ್ನು ಮುಗಿಸಿ ಇನ್ನೊಂದನ್ನು ಹಿಡಿದರೆ ತಲೆ ಕೆಡುವುದು ಗ್ಯಾರಂಟಿ. ಎರಡನ್ನೂ ಸೇರಿಸಿ ಕ್ರಮದಲ್ಲಿ ಮುದ್ರಿಸಿದ ಒಂದೇ ಪುಸ್ತಕ ಸಿಗುತ್ತದೆ, ಅದನ್ನೇ ತೆಗೆದುಕೊಳ್ಳಿ.

‘ಹೌಸ್ ಆಫ್ ಎಕ್ಸ್’ ಎರಡನೇ ಸಂಚಿಕೆ ಈ ಬಗೆಯ ಬರವಣಿಗೆಯಲ್ಲಿ ನಾನು ಕಂಡ ಅತ್ಯಂತ ಚುರುಕಾದ ಸಂಚಿಕೆ. ಮೊಯಿರಾ ಮ್ಯಾಕ್‌ಟ್ಯಾಗರ್ಟ್ ಸತ್ತರೆ ಮತ್ತೆ ಅದೇ ತಾಯಿಯ ಹೊಟ್ಟೆಯಲ್ಲಿ, ಹಿಂದಿನ ಬದುಕಿನ ನೆನಪುಗಳ ಸಮೇತ ಹುಟ್ಟುತ್ತಾಳೆ. ಅಂದರೆ ಅವಳ ಪ್ರತಿ ಸಾವೂ ಒಂದು ಕವಲು. ಮೊದಲ ಬದುಕಿನಲ್ಲಿ ಏನೂ ಅರಿಯದೆ ಮದುವೆಯಾಗಿ ಮಕ್ಕಳನ್ನು ಬೆಳೆಸಿ ಮುದುಕಿಯಾಗಿ ಸಾಯುತ್ತಾಳೆ. ಎರಡನೆಯದರಲ್ಲಿ ಪ್ರೊಫೆಸರ್ ಎಕ್ಸ್‌ನನ್ನು ಕಾಣಲು ಹೊರಟು ವಿಮಾನ ಅಪಘಾತಕ್ಕೀಡಾಗುತ್ತಾಳೆ. ಮೂರನೆಯದರಲ್ಲಿ ಮ್ಯುಟೆಂಟ್ ಆಗಿರುವುದನ್ನೇ ರೋಗವೆಂದು ಬಗೆದು ಔಷಧ ಕಂಡುಹಿಡಿಯುತ್ತಾಳೆ. ಆಗ ಡೆಸ್ಟಿನಿ ಎಂಬ ಕುರುಡಿ ಭವಿಷ್ಯಗಾರ್ತಿ ಬಂದು, ನಿನಗಿರುವುದು ಹತ್ತು ಬದುಕು, ಹೆಚ್ಚೆಂದರೆ ಹನ್ನೊಂದು ಎಂದು ಹೇಳಿ, ಅವಳನ್ನು ಸುಡಿಸುತ್ತಾಳೆ. ನಿಧಾನವಾಗಿ, ಮುಂದಿನ ಜನ್ಮದಲ್ಲೂ ನೆನಪಿರಲಿ ಎಂದು. ಆ ನಂತರದ ಪ್ರತಿ ಬದುಕಿನಲ್ಲೂ ಮೊಯಿರಾ ಹಿಡಿಯುವ ದಾರಿಯ ಹಿಂದೆ ಆ ಬೆಂಕಿ ಇದೆ.

ನಡುನಡುವೆ ಚಿತ್ರಗಳಿಲ್ಲದ, ಬರೀ ರೇಖೆ ಮತ್ತು ಟಿಪ್ಪಣಿಗಳ ಪುಟಗಳು ಬರುತ್ತವೆ. ಸರಕಾರಿ ವರದಿಯ ಅನುಬಂಧದಂತೆ ಕಾಣುತ್ತವೆಂದು ಮಗುಚಿಹಾಕಬೇಡಿ. ಮೊಯಿರಾಳ ಬದುಕುಗಳ ನಕ್ಷೆಯಲ್ಲಿ ಒಂದು ಬದುಕಿನ ವಿವರ ಬೇಕೆಂದೇ ಖಾಲಿ ಬಿಟ್ಟಿದೆ. ಅದು ಯಾವುದೆಂದು ಗುರುತು ಹಾಕಿಕೊಂಡು ಮುಂದೆ ಓದಿ, ಕೊನೆಯ ಸಂಚಿಕೆಯಲ್ಲಿ ಕೆಲಸಕ್ಕೆ ಬರುತ್ತದೆ. ಕಥೆ ಒಂದು, ಹತ್ತು, ನೂರು, ಸಾವಿರನೇ ವರ್ಷಗಳ ನಡುವೆ ಜಿಗಿಯುತ್ತದೆ. ನೋಟ್‌ಬುಕ್ ಇಲ್ಲಿ ನಿಜಕ್ಕೂ ಬೇಕು: ಬದುಕಿಗೊಂದು ಗೆರೆ ಎಳೆದು, ಎಲ್ಲಿ ತಿರುಗಿತು, ಹೇಗೆ ಮುಗಿಯಿತು ಎಂದಷ್ಟೇ ಬರೆದುಕೊಳ್ಳಿ.

ಬರೆದುಕೊಳ್ಳುವ ಹುಕಿಯಲ್ಲಿ ಭೂಮಿಗಳ ನಂಬರುಗಳನ್ನು ಬಾಯಿಪಾಠ ಮಾಡಲು ಹೋಗಬೇಡಿ. ಮಾರ್ವೆಲ್‌ನ ಮುಖ್ಯ ಲೋಕಕ್ಕೆ 616 ಎಂಬ ಸಂಖ್ಯೆ ಇದೆ, ಅದೊಂದು ಸಾಕು. ಡಿಸಿಯಂತೂ ಲೆಕ್ಕವಿಲ್ಲದಷ್ಟಿದ್ದ ಭೂಮಿಗಳನ್ನು 1985ರಲ್ಲಿ ಶುರುವಾದ ಹನ್ನೆರಡು ಸಂಚಿಕೆಗಳ ‘ಕ್ರೈಸಿಸ್ ಆನ್ ಇನ್ಫಿನಿಟ್ ಅರ್ಥ್ಸ್’ನಲ್ಲಿ ಒಂದಕ್ಕಿಳಿಸಿ, 2007ರ ಹೊತ್ತಿಗೆ 52 ಮಾಡಿ, ಆಮೇಲೆ ಅದನ್ನೂ ಮೀರಿ ಹೋಯಿತು. ಅಂದಹಾಗೆ, ಆ ‘ಕ್ರೈಸಿಸ್’ನಿಂದ ಓದು ಶುರು ಮಾಡಿ ಎಂದು ಯಾರಾದರೂ ಸಲಹೆ ಕೊಟ್ಟರೆ ನಕ್ಕು ಸುಮ್ಮನಾಗಿ. ಜಾರ್ಜ್ ಪೆರೆಝ್ ಚಿತ್ರಗಳು ಅದ್ಭುತ, ಒಂದು ಪುಟದಲ್ಲಿ ಎಷ್ಟು ಜನರನ್ನು ಕೂರಿಸುತ್ತಾರೆಂದರೆ ಪರಿಚಯವಿಲ್ಲದವರಿಗೆ ಅದು ಜಾತ್ರೆ.

ಹಂತ 7: ಆಯ್ಕೆ ನಿಮ್ಮ ಕೈಗೆ ಬಂದಾಗ

ಓದುಗರೇ ಕವಲನ್ನು ಆರಿಸಿದ ಪ್ರಸಂಗವೂ ಇದೆ. 1988ರ ‘ಎ ಡೆತ್ ಇನ್ ದಿ ಫ್ಯಾಮಿಲಿ’ ಕಥೆಯಲ್ಲಿ ಬ್ಯಾಟ್‌ಮ್ಯಾನ್‌ನ ಎಳೆಯ ಜೊತೆಗಾರ, ಎರಡನೇ ರಾಬಿನ್ ಜೇಸನ್ ಟಾಡ್‌ನನ್ನು ಖಳನಾಯಕ ಜೋಕರ್ ಬಡಿದು, ಬಾಂಬ್ ಇಟ್ಟ ಕಟ್ಟಡದಲ್ಲಿ ಬಿಟ್ಟುಹೋಗುತ್ತಾನೆ. ‘ಬ್ಯಾಟ್‌ಮ್ಯಾನ್’ 427ನೇ ಸಂಚಿಕೆಯಲ್ಲಿ ಡಿಸಿ ಎರಡು ಫೋನ್ ನಂಬರ್ ಅಚ್ಚು ಹಾಕಿತು: ಒಂದು ಉಳಿಸಲು, ಒಂದು ಸಾಯಿಸಲು. ಕರೆಗೆ 50 ಸೆಂಟ್. ಸಾಯಲಿ ಎಂದವರ ಕರೆ 5,343, ಬದುಕಲಿ ಎಂದವರದು 5,271. 72 ಕರೆಗಳ ಅಂತರದಲ್ಲಿ ಹುಡುಗ ಸತ್ತ. ಅವನು ಬದುಕುವ ಪುಟವನ್ನೂ ಜಿಮ್ ಅಪಾರೊ ಚಿತ್ರಿಸಿಟ್ಟಿದ್ದರು. ಅದು ಬೆಳಕು ಕಂಡದ್ದು ಬಹಳ ವರ್ಷಗಳ ನಂತರ. ಈಗ ಆ ಪುಟವನ್ನೇ ಒಳಗೊಂಡ 428ನೇ ಸಂಚಿಕೆಯ ‘ರಾಬಿನ್ ಲಿವ್ಸ್!’ ಆವೃತ್ತಿ ಬಂದಿದೆ. ಮೊದಲು 426ರಿಂದ 429ರವರೆಗೆ ಮೂಲ ಓದಿ, ಆಮೇಲೆ ಇದನ್ನು ತೆರೆಯಿರಿ.

ನೀವೇ ಕವಲು ಆರಿಸಬೇಕೆಂದರೆ 2018ರ ‘ಯು ಆರ್ ಡೆಡ್‌ಪೂಲ್’, ಬರೆದವರು ಆಲ್ ಯೂಯಿಂಗ್, ಐದು ಸಂಚಿಕೆ. ದಾಳ ಬೇಕೆಂದಿದ್ದು ಇದಕ್ಕೇ. ಚೌಕಗಳಿಗೆ ಸಂಖ್ಯೆ ಹಾಕಿರುತ್ತಾರೆ, ಬಾಗಿಲು ತೆರೆಯುತ್ತೀರಾದರೆ ಇಂಥ ಸಂಖ್ಯೆಗೆ, ಓಡುತ್ತೀರಾದರೆ ಇಂಥದ್ದಕ್ಕೆ ಎಂಬ ಬಗೆ. ಕಾಗದದ ಪ್ರತಿಯಲ್ಲೇ ಓದಿ, ಮೊಬೈಲ್ ಪರದೆಯಲ್ಲಿ ಹಿಂದೆ ಮುಂದೆ ಜಿಗಿಯುವುದು ಹಿಂಸೆ. ಪಕ್ಕದ ಚೌಕಗಳ ಮೇಲೆ ಕಣ್ಣು ಹಾಯದಂತೆ ಒಂದು ಪೋಸ್ಟ್‌ಕಾರ್ಡ್ ಅಡ್ಡ ಹಿಡಿಯಿರಿ. ಹಿಂದಿನ ಪುಟದಲ್ಲಿ ಬೆರಳಿಟ್ಟುಕೊಂಡು, ಸೋತರೆ ಮರಳಿ ಬರುವ ಚಾಳಿ ಎಲ್ಲರಿಗೂ ಇರುತ್ತದೆ. ಮೊದಲ ಸುತ್ತಿನಲ್ಲಾದರೂ ಬೆರಳು ತೆಗೆಯಿರಿ, ಎರಡನೇ ಸುತ್ತಿನಲ್ಲಿ ನಿಮ್ಮಿಷ್ಟ.

ಕೊಳ್ಳುವ ಮುನ್ನ

ಹೆಸರು ನೋಡಿ ಕೊಳ್ಳಬೇಡಿ, ಇಸವಿ ನೋಡಿ. ‘ವಾಟ್ ಇಫ್?’ ಹೆಸರಿನ ಸರಣಿ 1977ರಲ್ಲಿ ಒಮ್ಮೆ, 1989ರಲ್ಲಿ ಇನ್ನೊಮ್ಮೆ ಒಂದನೇ ಸಂಚಿಕೆಯಿಂದ ಶುರುವಾಗಿದೆ, ಆಮೇಲೂ ಹಲವು ಸಲ ಬಂದಿದೆ. ಇಸವಿ ಹೇಳದೆ 24ನೇ ಸಂಚಿಕೆ ಕೇಳಿದರೆ ಗ್ವೆನ್ ಕಥೆಯೇ ಸಿಗುತ್ತದೆಂಬ ಭರವಸೆಯಿಲ್ಲ. ‘ಅಲ್ಟಿಮೇಟ್ ಸ್ಪೈಡರ್‌ಮ್ಯಾನ್’ ಎಂಬ ಹೆಸರಿನಲ್ಲೂ ಹಾಗೆಯೇ: 2000ದ ಸರಣಿಯ ಪೀಟರ್ ಶಾಲಾ ಹುಡುಗ, 2024ರಲ್ಲಿ ಹಿಕ್‌ಮನ್ ಮತ್ತು ಮಾರ್ಕೊ ಕೆಕೆಟ್ಟೊ ಆರಂಭಿಸಿದ ಸರಣಿಯ ಪೀಟರ್, ಜೇಡದ ಕಡಿತವನ್ನು ಯಾರೋ ತಪ್ಪಿಸಿದ್ದರಿಂದ ಗಡ್ಡ ಬಿಟ್ಟುಕೊಂಡು ಹೆಂಡತಿ, ಇಬ್ಬರು ಮಕ್ಕಳೊಡನೆ ಸಾಮಾನ್ಯನಾಗಿ ಬದುಕುತ್ತಿರುವವನು. ಆ ಜೇಡ ಅವನ ಮುಂದೆ ತಡವಾಗಿ ಬರುತ್ತದೆ, ಈ ಸಲ ಕಚ್ಚಿಸಿಕೊಳ್ಳುವುದೋ ಬಿಡುವುದೋ ಅವನಿಗೇ ಬಿಟ್ಟದ್ದು. ಮೂವತ್ತು ದಾಟಿದವರು ಹಿಂದಿನ ಹಂತಗಳನ್ನೆಲ್ಲ ಬಿಟ್ಟು ಇದೊಂದರಿಂದಲೇ ಶುರು ಮಾಡಿದರೂ ನನ್ನ ಅಡ್ಡಿಯಿಲ್ಲ. ಅಂಗಡಿಯಲ್ಲಿ ಕೇಳುವಾಗ ಮಾತ್ರ 2024ರದು ಎಂದು ಒತ್ತಿ ಹೇಳಿ.